ಸಣ್ಣ ಡಬ್ಬದ ಕಾಳು

ಸೊಸೆ ಹದಿನಾಲ್ಕನೆಯ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಪಕ್ಕದ ಮನೆಯ ಬಡಗಿ. ತೀರಿಕೊಂಡ ಟೈಲರ್ ಮಾವನನ್ನು ಕಳಿಸಿಕೊಟ್ಟು ಬಂದವರೆಲ್ಲ ನಡುಮನೆಯಲ್ಲಿ ಕೂತಿದ್ದರು. ಇವನೊಬ್ಬ ಮಾತ್ರ ಹಿತ್ತಲಿನ ಖಾಲಿ ಚಪ್ಪರ ನೋಡಿಕೊಂಡು ಬಂದಿದ್ದ.

"ಕೇಳೋ ಹೊತ್ತಲ್ಲ ತಂಗಿ, ಆದ್ರೂ ಕೇಳ್ತೀನಿ. ಟೈಲರಣ್ಣನ ಬೀನ್ಸ್ ಬೀಜ ನಾಕು ಕಾಳು ಎಲ್ಲಾದ್ರೂ ಉಳಿದಿದ್ಯಾ? ಅವರ ನೆನಪಿಗೆ ಹಾಕ್ಕೊಳ್ಳೋಣ ಅಂತ."

ಚಹಾ ಲೋಟದಾಚೆ ಚೆಲ್ಲಿತು. ಅವಳು ಉತ್ತರ ಹುಡುಕುವಷ್ಟರಲ್ಲಿ ನಡುಮನೆಯಿಂದ ಗಂಡನೇ ಹೇಳಿದ: "ಎಲ್ಲಿಯ ಬೀಜ ಅಣ್ಣ! ಅಪ್ಪನೇ ಎಲ್ಲೋ ಇಟ್ಟು ಮರೆತ್ರಲ್ಲ. ಅವರ ಮರೆವು ಶುರುವಾಗಿದ್ದೇ ಅಲ್ಲಿಂದ."

"ಪಾಪ, ಕೊನೆಗೆ ಕೈಗೆ ಕತ್ತರಿ ಕೊಡೋಕೂ ಭಯ ಆಗ್ತಿತ್ತು," ಎಂದಳು ನಾದಿನಿ.

ಎಲ್ಲರೂ ತಲೆಯಾಡಿಸಿದರು. ಅದು ಮರೆವಲ್ಲ ಎಂದು ಗೊತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ. ಅವಳು ಚೆಲ್ಲಿದ ಚಹಾ ಒರೆಸುತ್ತಿದ್ದಳು.

*

ಅಳತೆ ಕೊಡಲು ಕೈಚಾಚಿ ನಿಂತವರು ಓಡಿಹೋಗುವ ಹಾಗಿಲ್ಲವಲ್ಲ, ಹಾಗಾಗಿ ಟೈಲರ್ ಮಾವನ ಬೀನ್ಸ್ ಪುರಾಣ ಬೀದಿಗೆಲ್ಲ ಬಾಯಿಪಾಠವಾಗಿತ್ತು. ಬಳ್ಳಿಗಳನ್ನು ಅವರು ಕಟ್ಟುತ್ತಿದ್ದದ್ದು ಉಳಿದ ಬಟ್ಟೆಯ ಪಟ್ಟಿಗಳಲ್ಲಿ. "ನಮ್ಮ ಯಜಮಾನರ ಅಂಗಿ ಚಿಕ್ಕದಾಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು," ಎಂದು ಬಡಗಿಯ ಹೆಂಡತಿ ಬೇಲಿಯಾಚೆಯಿಂದ ನಗುತ್ತಿದ್ದಳು. ಅರ್ಧ ಬಿಳಿ, ಅರ್ಧ ಕಂದು ಬಣ್ಣದ ಕಾಳು, ಬೆಂದರೆ ಬೆಣ್ಣೆ. ಅಕ್ಕಪಕ್ಕದವರು ಪ್ರತಿವರ್ಷ ಬೀಜ ಒಯ್ಯುವರು, ಬೆಳೆದದ್ದನ್ನೆಲ್ಲ ತಿಂದು ಮುಗಿಸುವರು. ಎತ್ತಿಡುವ ಗೋಜು ಯಾರಿಗೆ ಬೇಕು? ಟೈಲರ್ ಹತ್ತಿರ ಇದ್ದೇ ಇರುತ್ತದೆ.

ಅಡುಗೆಯದು ದೊಡ್ಡ ಡಬ್ಬ, ಬೀಜದ್ದು ಸಣ್ಣ ಡಬ್ಬ. ಸಣ್ಣ ಡಬ್ಬದ ಕಾಳನ್ನು ಮಾವ ಕಿಟಕಿಯ ಬೆಳಕಿನಲ್ಲಿ ಒಂದೊಂದಾಗಿ ಆರಿಸಿ ತುಂಬುತ್ತಿದ್ದರು.

ನಾಳೆ ಸಂಸಾರ ಸಮೇತ ಬರುತ್ತೇನೆಂದು ಅವಳ ಅಣ್ಣ ಸುದ್ದಿ ಕಳಿಸಿದ ಸಂಜೆ ದೊಡ್ಡ ಡಬ್ಬದ ತಳ ಕಾಣುತ್ತಿತ್ತು. ತವರಿನವರ ಮುಂದೆ ಮರ್ಯಾದೆಯ ಪ್ರಶ್ನೆ. ಸಣ್ಣ ಡಬ್ಬದಿಂದ ಎರಡು ಹಿಡಿ ತೆಗೆದು ನೆನೆಹಾಕಿದಳು. ಸಾಲದು ಅನಿಸಿತು. ಮಾವ ಬೇರೆ ಕಡೆಯೂ ಎತ್ತಿಟ್ಟಿರುತ್ತಾರೆ ಎಂದುಕೊಂಡು ಪೂರ್ತಿ ಸುರಿದಳು.

ಮರುದಿನ ಊಟದ ನಡುವೆ ಮಾವ ತಲೆಯೆತ್ತಿದರು. "ಇದು ಯಾವ ಡಬ್ಬದ್ದಮ್ಮ?"

"ದೊಡ್ಡದು ಮಾವ."

"ಚೆನ್ನಾಗಿದೆ. ಇನ್ನೊಂದು ಸೌಟು ಹಾಕು."

ಬಿತ್ತುವ ದಿನ ಪಾತಿ ಸಿದ್ಧಮಾಡಿ ಮಾವ ಡಬ್ಬ ತೆರೆದರು. ಮಗ ಬಗ್ಗಿ ನೋಡಿ, "ಬೀಜ ಎಲ್ಲಿ ಅಪ್ಪ?" ಎಂದ. ಮಾವ ಒಮ್ಮೆ ಅವಳ ಮುಖ ನೋಡಿದರು. ಅವಳು ಸೊಪ್ಪು ಬಿಡಿಸುವುದರಲ್ಲಿ ಮುಳುಗಿದವಳಂತೆ ತಲೆ ತಗ್ಗಿಸಿದಳು.

"ನಾನೇ ಎಲ್ಲೋ ಇಟ್ಟು ಮರೆತೆ ಕಣೋ," ಎಂದರು ಮಾವ.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮಗ ಹೆದರಿದ. ಕಳೆದ ಗುಂಡಿ, ತಪ್ಪಿದ ಅಳತೆ, ಎಲ್ಲವೂ ಮರೆವಿನ ಲೆಕ್ಕಕ್ಕೆ ಬಂತು. ಮೊದಲು ಅಂಗಡಿಗೆ ಬೀಗ ಬಿತ್ತು, ಆಮೇಲೆ ಹಿತ್ತಲಿಗೆ ಒಬ್ಬರೇ ಹೋಗುವುದು ನಿಂತಿತು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಅವಳು ಎರಡು ವರ್ಷ ದೂಡಿದಳು. ಕೊನೆಕೊನೆಗೆ ಮಾವನಿಗೇ ತಮ್ಮ ನೆನಪಿನ ಮೇಲೆ ಅನುಮಾನ ಬಂದುಬಿಟ್ಟಿತು.

"ಆ ಬೀಜ ನಾನು ಎಲ್ಲಿಟ್ಟೆನಮ್ಮ?" ಎಂದು ಒಂದು ದಿನ ಅವಳನ್ನೇ ಕೇಳಿದರು.

"ಸಿಗುತ್ತೆ ಬಿಡಿ ಮಾವ," ಎಂದಿದ್ದಳು ಅವಳು. ಆ ಮಾತಿಗಾಗಿ ತನ್ನನ್ನು ತಾನು ಇನ್ನೂ ಕ್ಷಮಿಸಿರಲಿಲ್ಲ.

*

ಒರೆಸುವ ಬಟ್ಟೆ ಕೈಯಲ್ಲಿರುವಂತೆಯೇ ಅವಳು ನಡುಮನೆಗೆ ಬಂದಳು.

"ಮಾವ ಮರೀಲಿಲ್ಲ," ಎಂದಳು. "ಆ ಬೀಜ ಬೇಯಿಸಿ ಹಾಕಿದವಳು ನಾನು. ನಮ್ಮಣ್ಣ ಬಂದ ದಿನ. ಮಾವನಿಗೆ ಗೊತ್ತಿತ್ತು. ನನ್ನ ಮೇಲೆ ಮಾತು ಬರಬಾರದು ಅಂತ ತಾವೇ ಮರೆತೆ ಅಂದ್ರು."

ಗಂಡ ಎದ್ದು ಬಂದ. ಈಗ ಬೈಯುತ್ತಾನೆ, ಬೈಯಲಿ ಎಂದು ಅವಳು ಕಾದು ನಿಂತಳು. ಅವನ ಕಣ್ಣು ತುಂಬಿತ್ತು.

"ನೋಡಿದ್ರಾ?" ಎಂದ ಎಲ್ಲರ ಕಡೆ ತಿರುಗಿ. "ಅಪ್ಪನಿಗೆ ಮರೆವಿತ್ತು ಅನ್ನೋ ಹೆಸರು ಉಳೀಬಾರ್ದು ಅಂತ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ತಿದ್ದಾಳೆ."

"ಅಲ್ಲ ರೀ, ನಿಜ ಹೇಳ್ತಿದ್ದೀನಿ..."

"ಗೊತ್ತು, ಗೊತ್ತು. ನೀನು ಕೂತ್ಕೋ."

"ಇಂಥ ಸೊಸೆ ಸಿಗೋಕೆ ಟೈಲರಣ್ಣ ಪುಣ್ಯ ಮಾಡಿದ್ರು," ಎಂದು ಅವಳ ಹಿಂದೆಯೇ ಒಳಬಂದಿದ್ದ ಬಡಗಿ ಮೂಗು ಒರೆಸಿಕೊಂಡ.

ನಾದಿನಿ ಅವಳ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಒಳಗಿನಿಂದ ತಟ್ಟೆ ತಂದು, ಅನ್ನ ಕಲಸಿ, ತುತ್ತು ಮಾಡಿದಳು. "ಬೆಳಿಗ್ಗೆಯಿಂದ ಎಲ್ಲರಿಗೂ ಮಾಡಿ ಹಾಕಿದ್ದೇ ಆಯ್ತು. ಇವತ್ತು ನನ್ನ ಕೈಯಿಂದ ತಿನ್ನಿ ಅತ್ತಿಗೆ."

"ಇಲ್ಲ, ನಾನೇ..." ಎಂದು ಅವಳು ಬಾಯಿ ತೆರೆದಳು. ತುತ್ತು ಬಾಯಿಗೆ ಬಂತು. ಅವಳು ಅಗಿಯುವುದನ್ನು ನಡುಮನೆಯೆಲ್ಲ ಪ್ರೀತಿಯಿಂದ ನೋಡುತ್ತಿತ್ತು.