ಮೇಷ್ಟ್ರ ಹೆಸರಿನ ಸಹಿ

"ಮುಖ ತೋರಿಸ್ಬೇಕಂತೆ," ಎಂದಳು ಐಜಾರ್ಕಿನ್, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ.

ಮೂಲೆಯ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ ತುರ್ಸುನ್ ತಿರುಗಿ ನೋಡಿದ. ಅವಳ ಶಾಲೆಯಲ್ಲೇ ಭೌತಶಾಸ್ತ್ರ ಕಲಿಸುವವನು. "ಯಾರ ಮುಖ? ನಿಂದಾ?"

"ಮೇಷ್ಟ್ರದು."

ತುರ್ಸುನ್ ಕೈಯ ಮಸಿ ಒರೆಸಿಕೊಂಡ. "ಹಂಗಾದ್ರೆ ಗುಡ್ಡದ ಮೇಲಕ್ಕೆ ಬಾ ಅನ್ನು, ಅಲ್ಲೇ ಮಲಗವ್ರೆ. ಸತ್ತೋರಿಗೆ ದಿನಾ ಹಾಜರಿ ಹಾಕ್ತಿದ್ಯಲ್ಲ ತಾಯಿ, ಈಗ ಎಬ್ಬಿಸ್ಕೊಂಡು ಬಾ!"

ನರೀನ್ ಊರಿನ ಆ ಶಾಲೆಯಲ್ಲಿ ಸದಿರ್ಕುಲ್ ಮೇಷ್ಟ್ರು ಕಂಪ್ಯೂಟರ್ ಕಲಿಸುತ್ತಿದ್ದರು. ಐಜಾರ್ಕಿನ್ ಅವರಲ್ಲೇ ಕಲಿತು, ಅವರ ಪಕ್ಕದಲ್ಲೇ ಕಲಿಸಲು ನಿಂತವಳು. ಹಳೆಯ ಯಂತ್ರಗಳನ್ನು ಒಂದೊಂದಾಗಿ ಸಜ್ಜು ಮಾಡುವುದರಲ್ಲೇ ಆಯಸ್ಸು ಕಳೆಯುತ್ತದೆಂದು ಮೇಷ್ಟ್ರು ಒಂದು ಓಪನ್ ಸೋರ್ಸ್ ತಂತ್ರಾಂಶ ಹುಡುಕಿಕೊಂಡಿದ್ದರು. ಒಂದು ಕಡೆ ಹೇಳಿದರೆ ಸಾಕು, ಎಲ್ಲ ಯಂತ್ರಗಳ ಕೆಲಸವನ್ನೂ ಅದು ತಾನಾಗಿ ಮಾಡಿ ಮುಗಿಸುತ್ತಿತ್ತು. ಒಬ್ಬರ ಸ್ವತ್ತಲ್ಲ ಅದು. ದೇಶದೇಶದವರು ಬಿಡುವಿನಲ್ಲಿ ಕೋಡ್ ಬರೆದು ಕೊಟ್ಟು ಬೆಳೆಸಿದ್ದು. ಆ ಬರೆದವರ ಊರುಗಳಲ್ಲಿ ಕರೆಂಟು ಹೋಗುತ್ತಿರಲಿಲ್ಲವೇನೋ. ನರೀನಿನ ಚಳಿಗಾಲದಲ್ಲಿ ನಡುವೆಯೇ ಹೋಗಿ, ಮಾಡಿದ್ದೆಲ್ಲ ಮಣ್ಣುಪಾಲಾಗುತ್ತಿತ್ತು. ನಿಂತ ಜಾಗದಿಂದಲೇ ಮತ್ತೆ ಹಿಡಿದುಕೊಳ್ಳುವ ಹಾಗೆ ಅದಕ್ಕೊಂದು ಭಾಗ ಬರೆಯಲು ಮೇಷ್ಟ್ರು ಕೂತರು. ಅರ್ಧ ಆಗಿತ್ತು, ಎದೆ ಹಿಡಿದುಕೊಂಡವರು ಹೋಗಿಯೇಬಿಟ್ಟರು.

ಅವರಿಗೆ ಮಕ್ಕಳಿರಲಿಲ್ಲ. ಏಳು ತಲೆಮಾರಿನ ಹೆಸರು ಬಾಯಿಪಾಠ ಒಪ್ಪಿಸುವ ಜನರ ನಡುವೆ, ತನ್ನ ಹೆಸರು ಹೇಳಲು ಒಬ್ಬರನ್ನೂ ಬಿಡದೆ ಹೋದ ಮನುಷ್ಯ. ಉಳಿದದ್ದನ್ನು ಅವರ ಯಂತ್ರದಲ್ಲೇ, ಅವರು ಬರೆದಿಟ್ಟಿದ್ದರ ಮೇಲೆಯೇ ತಿದ್ದಿ ತಿದ್ದಿ ಮುಗಿಸಿದವಳು ಐಜಾರ್ಕಿನ್. ಕೆಳಗೆ ಹಾಕಿದ್ದು ಮಾತ್ರ ಮೇಷ್ಟ್ರ ಹೆಸರು. ಅವರು ಹಚ್ಚಿದ ಕೆಲಸಕ್ಕೆ ತನ್ನ ಹೆಸರು ಬರೆದುಕೊಂಡರೆ, ಅವರು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿದಂತೆ. ಅದು ಸುಳ್ಳೆಂದು ಅವಳಿಗೆ ಹೊಳೆಯಲೇ ಇಲ್ಲ. ಕಳಿಸಿಕೊಟ್ಟದ್ದು ತಂತ್ರಾಂಶದವರಿಗೆ ಒಪ್ಪಿಗೆಯಾಯಿತು. ಬರೆದವರ ಸಾಲಿನಲ್ಲಿ ಸದಿರ್ಕುಲ್ ಎಂಬ ಹೆಸರು ಸೇರಿತು. ಅಲ್ಲಿಂದ ಮುಂದೆ ತಾನು ಬರೆದು ಕಳಿಸಿದ್ದಕ್ಕೆಲ್ಲ ಅದೇ ಹೆಸರು ಹಾಕುತ್ತ ಬಂದಳು. ಮೇಷ್ಟ್ರ ಹೆಂಡತಿ ಮರ್ಜಾನ್ ಅಪಾ ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ಪ್ರಪಂಚದಲ್ಲೆಲ್ಲಾ ಐತಂತೆ ನಮ್ಮೋರ ಹೆಸರು," ಎನ್ನುತ್ತಿದ್ದರು.

ಈಗ ಆ ತಂತ್ರಾಂಶವನ್ನು ನೋಡಿಕೊಳ್ಳುವ ಹೆಂಡ್ರಿಕ್ ಎಂಬ ಪರದೇಶದವನು ಮೇಷ್ಟ್ರಿಗೇ ಬರೆದಿದ್ದ. ನಿಮ್ಮ ಕೆಲಸ ಬಹಳ ಅಚ್ಚುಕಟ್ಟು, ಮೇಲುಸ್ತುವಾರಿಗೆ ನೀವೂ ಬನ್ನಿ, ಒಮ್ಮೆ ವಿಡಿಯೋದಲ್ಲಿ ಮುಖ ನೋಡಿ ಮಾತಾಡೋಣ.

"ಇದ್ದದ್ದು ಇದ್ದಂಗೆ ಬರೀತೀನಿ," ಎಂದಳು ಐಜಾರ್ಕಿನ್. "ಗುರುಗಳ ಹೆಸರು ಉಳಿಸ್ತಿದಾಳೆ ಅಂತ ಸಂತೋಷಾನೇ ಪಡ್ತಾನೆ."

"ಬರಿ, ಬರಿ. ಜೀನು ಸಮೇತ ಕುದುರೆ ಕಳಿಸ್ತಾನೆ ನಿಂಗೆ."

ಮಾರನೆಯ ದಿನ ಬಂದ ಉತ್ತರ ಮೆತ್ತಗೇ ಇತ್ತು. ಮೊದಲು ಹೆಂಡ್ರಿಕ್ ಮೇಷ್ಟ್ರ ಸಾವಿಗೆ ಸಂತಾಪ ಹೇಳಿದ್ದ. ಆಮೇಲೆ ವಿಷಯಕ್ಕೆ ಬಂದಿದ್ದ. ಇಲ್ಲಿ ಸಹಿ ಎಂದರೆ ಇದು ನಾನೇ ಬರೆದದ್ದು, ಕೊಡುವ ಹಕ್ಕು ನನ್ನದು ಎಂಬ ಪ್ರಮಾಣ. ತೀರಿಕೊಂಡವರು ಪ್ರಮಾಣ ಮಾಡಲಾರರು. ಯಾವ ಸಾಲು ಅವರದು, ಯಾವುದು ನಿಮ್ಮದು, ಬಿಡಿಸಿ ಹೇಳಿ. ಎಲ್ಲ ನಿಮ್ಮದೇ ಆಗಿದ್ದರೆ ನಿಮ್ಮ ಹೆಸರು ಹಾಕಿ. ಎರಡೂ ಆಗದಿದ್ದರೆ ಎಲ್ಲವನ್ನೂ ತೆಗೆಯಬೇಕಾಗುತ್ತದೆ.

ಬಿಡಿಸಲು ಕೂತಳು. ಇದು ಅವರದೇ ಎಂದುಕೊಂಡ ಸಾಲಿನಲ್ಲಿ ತಾನು ತಿದ್ದಿದ್ದು ಕಾಣುತ್ತಿತ್ತು. ಇದು ನನ್ನದು ಎಂದುಕೊಂಡರೆ, ಅವರು ಎಂದೋ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದು ನೆನಪಾಗುತ್ತಿತ್ತು. ತನ್ನ ಹೆಸರು ಟೈಪ್ ಮಾಡಿದಳು. ಅಳಿಸಿದಳು.

"ಹಾಕ್ಬಿಡು ಮಾರಾಯ್ತಿ," ಎಂದ ತುರ್ಸುನ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಕೆಲ್ಸನಾದ್ರೂ ಉಳೀತದೆ."

"ಕೆಲ್ಸ ಉಳ್ದು ಅವರೇ ಹೋದ್ರೆ?"

"ಅವರು ಹೋಗಿ ಆಗೈತೆ, ಐಜಾರ್ಕಿನ್."

ಬಿಡಿಸಲು ಬರುವುದಿಲ್ಲ, ಎಲ್ಲ ನನ್ನದೆಂದು ಹೇಳಲೂ ಬರುವುದಿಲ್ಲ ಎಂದು ಬರೆದು ಕಳಿಸಿದಳು. ಹೆಂಡ್ರಿಕ್ ಕ್ಷಮೆ ಕೇಳಿ, ಆ ಹೆಸರಿನಲ್ಲಿದ್ದುದನ್ನೆಲ್ಲ ಕಿತ್ತುಹಾಕಿದ. ವಾರ ತುಂಬುವುದರೊಳಗೆ ಯಾವನೋ ಒಬ್ಬ, ಹಳೆಯದನ್ನು ಕಣ್ಣೆತ್ತಿಯೂ ನೋಡದೆ, ಅದೇ ಕೆಲಸಕ್ಕೆ ಹೊಸ ಕೋಡ್ ಬರೆದು ಕೊಟ್ಟ. ಐಜಾರ್ಕಿನ್ ಅದನ್ನು ಶಾಲೆಯಲ್ಲಿ ಓಡಿಸಿ, ನಡುವೆ ಕರೆಂಟಿನ ವೈರು ಕಿತ್ತಳು. ಕೆಡಲಿ ಎಂದು ಒಳಗೊಳಗೇ ಬೇಡಿಕೊಂಡಳು. ವೈರು ಸಿಕ್ಕಿಸಿದ ಕೂಡಲೇ ಅದು ನಿಂತ ಜಾಗದಿಂದ ಹಿಡಿದುಕೊಂಡಿತು. ಮೇಷ್ಟ್ರದ್ದಕ್ಕಿಂತ ಬೇಗ.

ಗುರುವಾರ ಮಧ್ಯಾಹ್ನ ಮರ್ಜಾನ್ ಅಪಾ ಅವರ ಮನೆಗೆ ಹೋದಳು. ಅಪಾ ಹಿಟ್ಟು ಲಟ್ಟಿಸಿ, ಚೌಕ ಚೌಕವಾಗಿ ಕತ್ತರಿಸಿ, ಬೋರ್ಸೋಕ್ ಕರಿಯುತ್ತಿದ್ದರು. ಕಾದ ಎಣ್ಣೆಯ ವಾಸನೆ ತೀರಿಕೊಂಡವರನ್ನು ಮುಟ್ಟುತ್ತದೆಂದು ಗುರುವಾರ ತಪ್ಪಿಸುತ್ತಿರಲಿಲ್ಲ.

"ಬಾ ಮಗಳೆ. ನಮ್ಮೋರ ವರ್ಷದ ಊಟಕ್ಕೆ ನಮ್ಮಣ್ಣನ ಮಕ್ಳೂ ಬರ್ತಾರಂತೆ. ಆ ಹೆಸರು ತೋರಿಸ್ಬೇಕು ನೀನು, ಅವರು ನಂಬಾಕಿಲ್ಲ."

"ತೆಗೆದ್ಬಿಟ್ರು, ಅಪಾ."

"ಏನ?"

"ಮೇಷ್ಟ್ರ ಹೆಸರ. ಅವರು ಬರ್ದಿದ್ದನ್ನೂ."

ಅಪಾ ಜಾಲರಿ ಸೌಟು ಹಿಡಿದೇ ನಿಂತರು. "ಯಾಕೆ? ತಪ್ಪೇನ್ಮಾಡಿದ್ರಂತೆ ನಮ್ಮೋರು?"

"ತಪ್ಪು ನಂದು. ಅವರ ಹೆಸರಲ್ಲಿ ನಾನು ಸಹಿ ಹಾಕ್ದೆ."

"ಮತ್ತಿನ್ಯಾರು ಹಾಕ್ಬೇಕಿತ್ತು?"

ಐಜಾರ್ಕಿನ್‌ ತನ್ನ ಹೆಸರನ್ನೇ ಹಾಕೆಂದು ಹೆಂಡ್ರಿಕ್ ಬರೆದಿದ್ದನ್ನು ಹೇಳಿದಳು. ಅಪಾ ಕೇಳಿದರು, "ನಿನ್ ಹೆಸರು ಹಾಕಿದ್ರೆ ಅವರ ಕೆಲ್ಸ ಉಳೀತಿತ್ತಾ?"

"ಉಳೀತಿತ್ತು."

"ಹಾಕ್ಕೊಬೇಕಿತ್ತು ಮಗಳೆ." ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಅವರು ಬ್ಯಾಡ ಅಂತಿದ್ರಾ?"

ಬಾಣಲೆಯಲ್ಲಿ ಬಿಟ್ಟಿದ್ದ ತುಂಡುಗಳು ಕೆಂಪಾದವು, ಆಮೇಲೆ ಕಪ್ಪಾಗತೊಡಗಿದವು. ಹೊಗೆ ಸೂರಿಗೆ ಏರಿತು. ತೆಗೆಯಲು ಅಪಾ ಕೈ ಚಾಚಲಿಲ್ಲ. ಐಜಾರ್ಕಿನ್ ಕೂಡ ಚಾಚಲಿಲ್ಲ.