ಕೊನೆಗೆ ಮುಟ್ಟಿದವಳು

ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆಯಲ್ಲಿ ಗಂಡಹೆಂಡತಿ ಮಲಗುತ್ತಿದ್ದರು. ಇನ್ನೊಂದರಲ್ಲಿ ಬೋರ್ಡುಗಳಿದ್ದವು, ಅವಕ್ಕೆ ಮಲಗುವ ಅಭ್ಯಾಸವೇ ಇರಲಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ಹಳೇ ಹಸಿರು ಸರ್ಕ್ಯೂಟ್ ಬೋರ್ಡುಗಳು, ಒಂದರಿಂದ ಇನ್ನೊಂದಕ್ಕೆ ಎಳೆದ ತಂತಿಗಳು, ಅಲ್ಲಲ್ಲಿ ಮಿಣುಕುವ ದೀಪ, ಜೊತೆಗೆ ದಿನವಿಡೀ ಗೊಣಗುವ ಒಂದು ಫ್ಯಾನು.

ಗುಬ್ಬಿಯ ಗಂಡ ದರ್ಜಿ. ಅವನ ಅಂಗಡಿಯಿದ್ದ ಕಟ್ಟಡವನ್ನು ಕೆಡವಿದ ಮೇಲೆ ಹೊಲಿಗೆ ಯಂತ್ರ ಅಡುಗೆಮನೆಗೆ ಬಂದು ಕೂತಿತ್ತು. ಚಹಾದಲ್ಲಿ ದಾರ ಸಿಗುತ್ತಿತ್ತು, ಹೊಲಿದ ಬಟ್ಟೆಗೆ ಒಗ್ಗರಣೆಯ ವಾಸನೆ ಹತ್ತುತ್ತಿತ್ತು. ಕತ್ತರಿಸುವ ಮೇಜಿಗೆ ಜಾಗವಿಲ್ಲದೆ ಅವನು ಬಟ್ಟೆಯನ್ನು ನೆಲಕ್ಕೆ ಹಾಸಿ, ಮಂಡಿಯೂರಿ ಕತ್ತರಿ ಆಡಿಸುತ್ತಿದ್ದ. ಏಳುವಾಗ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಸೊಂಟದ ಮೇಲೆ. ಆದರೂ ಬೋರ್ಡಿನ ಕೋಣೆ ಖಾಲಿ ಮಾಡು ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಬೈದಿದ್ದರೆ ಗುಬ್ಬಿ ತಿರುಗಿ ಬೈದು ಹಗುರಾಗುತ್ತಿದ್ದಳು. ಅವನು ಬೈಯುವವನಲ್ಲ, ಅದೇ ಕಷ್ಟ.

ಗುಬ್ಬಿ ಎಂಬುದು ಅವಳ ಅಕ್ಕ ಇಟ್ಟ ಅಡ್ಡಹೆಸರು. ತಲೆ ಅರ್ಧ ನರೆತರೂ ಅದು ಅವಳನ್ನು ಬಿಟ್ಟಿರಲಿಲ್ಲ. ಹಗಲು ಅವಳು ಟಿಕೆಟ್ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಮನೆಯ ಬೋರ್ಡುಗಳಿಗೂ ಆ ಕಂಪನಿಗೂ ಸಂಬಂಧವಿಲ್ಲ. ಅವು ಹಿಂದಿನ ನೌಕರಿಯಿಂದ ಬೆನ್ನಿಗೆ ಅಂಟಿಕೊಂಡು ಬಂದವು.

ಸಂಗತಿ ಇಷ್ಟು. ಜಗತ್ತಿನ ಎಷ್ಟೋ ಯಂತ್ರಗಳ ಹೊಟ್ಟೆಯೊಳಗೆ ನಡೆಯುವ ಒಂದು ಆಪರೇಟಿಂಗ್ ಸಿಸ್ಟಂ ಇದೆ. ಅದರ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಅದು ಯಾರೊಬ್ಬರ ಆಸ್ತಿಯೂ ಅಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಯಂತ್ರಕ್ಕೆ ಹಾಕಿಕೊಳ್ಳಬಹುದು. ಬೋರ್ಡಿನ ಮೇಲಿನ ಚಿಪ್ಪುಗಳು ಒಂದರೊಡನೊಂದು ಮಾತಾಡಲು ಇರುವ ತಂತಿಗಳ ಸಾಲಿಗೆ ಬಸ್ ಎಂದು ಹೆಸರು. ಯಾರು ಮೊದಲು ಮಾತಾಡಬೇಕು, ಯಾರು ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ನೋಡಿಕೊಳ್ಳುವ ಪ್ರೋಗ್ರಾಮೇ ಡ್ರೈವರು. ಗುಬ್ಬಿ ಅಂಥದೊಂದು ಹಳೇ ಬಸ್ಸಿನ ಡ್ರೈವರನ್ನು ನೋಡಿಕೊಳ್ಳುತ್ತಿದ್ದಳು. ಅಕ್ಕನ ಗಂಡ, ಅಂದರೆ ಭಾವ, ನೆಂಟರೆದುರು "ನಮ್ಮ ಗುಬ್ಬಿ ಬಸ್ ಡ್ರೈವರು, ಹಾರ್ನ್ ಮಾತ್ರ ಹೊಡೆಯಲ್ಲ" ಎಂದು ಹೇಳಿ, ಬೇರೆ ಯಾರೂ ನಗದಿದ್ದರೂ ತಾನು ನಗುತ್ತಿದ್ದ.

ಅದು ಅವಳ ಕೊರಳಿಗೆ ಬಿದ್ದ ಬಗೆಯೇ ವಿಚಿತ್ರ. ಹಿಂದಿನ ಕಂಪನಿ ಆ ಬಸ್ಸಿನ ಚಿಪ್ಪು ತಯಾರಿಸುತ್ತಿತ್ತು. ಅದಕ್ಕೆ ಜೋಡಿಸುವ, ಬಿಸಿ ಅಳೆಯುವ ಸೆನ್ಸರುಗಳಲ್ಲಿ ಒಂದು ಸಲದ ತಯಾರಿಯವು ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರಿಸುತ್ತಿದ್ದವು. ಡ್ರೈವರು ಅಷ್ಟರಲ್ಲಿ ಅವು ಸತ್ತಿವೆ ಎಂದು ತೀರ್ಮಾನಿಸಿ ಮುಂದೆ ಹೋಗುತ್ತಿತ್ತು. ಗುಬ್ಬಿ ಕೂತು ಅದನ್ನು ಸರಿಪಡಿಸಿದಳು. ತಡ ಮಾಡುವವರಿಗಾಗಿ ತುಸು ಕಾಯುವಂತೆ ಬರೆದಳು. ಆಗ ಚಿಕ್ಕ ವಯಸ್ಸು, ಹುಮ್ಮಸ್ಸು; ಹಾಗೆ ಕಾಯುವಾಗ ತೆರೆಯ ಮೇಲೆ "ಸೆನ್ಸರ್ ತಡ ಮಾಡುತ್ತಿದೆ, ನಾನು ಕಾಯುತ್ತಿದ್ದೇನೆ" ಎಂಬರ್ಥದ ಇಂಗ್ಲಿಷ್ ಸಾಲೂ ಮೂಡುವಂತೆ ಮಾಡಿದಳು. ಕರ್ನಲ್ 'ನಾನು' ಎನ್ನಬಾರದು ಎಂದು ಆಗಿನ ಹಿರಿಯರೊಬ್ಬರು ಗದರಿದ್ದರು. ಆದರೆ ತಿದ್ದಲು ಮರೆತುಹೋಯಿತು, ಸಾಲು ಹಾಗೆಯೇ ಉಳಿಯಿತು.

ಆ ಲೋಕದಲ್ಲೊಂದು ರೂಢಿಯಿದೆ. ಪ್ರೋಗ್ರಾಮಿನ ಒಂದು ಮೂಲೆಯ ಕೋಡನ್ನು ಕೊನೆಗೆ ಅರ್ಥ ಮಾಡಿಕೊಂಡು ಮುಟ್ಟಿದವರು ಯಾರೋ, ಅದರ ದೂರುಗಳೆಲ್ಲ ಅವರ ಬಾಗಿಲಿಗೆ. ಸ್ವಲ್ಪ ದಿನಕ್ಕೆ ಡ್ರೈವರಿನ ಉಸ್ತುವಾರಿ ಎಂದು ಕರ್ನಲ್ಲಿನ ಪಟ್ಟಿಗೆ ಅವಳ ಹೆಸರನ್ನೇ ಸೇರಿಸಿದರು. ಗಂಡ ಆ ಪುಟವನ್ನು ಮುದ್ರಿಸಿ ತಂದು ಕೋಣೆಯ ಗೋಡೆಗೆ ಅಂಟಿಸಿದ. ಆಮೇಲೆ ಕಂಪನಿ ಆ ಚಿಪ್ಪನ್ನೇ ನಿಲ್ಲಿಸಿತು, ವಿಭಾಗ ಮುಚ್ಚಿತು, ಗುಬ್ಬಿ ಬೇರೆ ನೌಕರಿ ಹಿಡಿದಳು. ಗೋಡೆಯ ಮೇಲಿನ ಹೆಸರು ಮಾತ್ರ ಕದಲಲಿಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಕರ್ನಲ್ಲಿನ ಹೊಸ ಆವೃತ್ತಿ ಬರುತ್ತದೆ. ಮನೆಯ ಒಂದು ಕಂಬ ಸರಿಸಿದರೆ ಅದಕ್ಕೆ ಕಟ್ಟಿದ ಹಗ್ಗಗಳನ್ನೆಲ್ಲ ಬಿಚ್ಚಿ ಕಟ್ಟಬೇಕಲ್ಲ, ಹಾಗೆ ಒಳಗಿನ ಏನೋ ಬದಲಾದಾಗಲೆಲ್ಲ ಅವಳ ಡ್ರೈವರೂ ಬದಲಾಗಬೇಕು. ಬದಲಾಯಿಸಿದ್ದನ್ನು ನಿಜವಾದ ಬೋರ್ಡಿನ ಮೇಲೆ ಓಡಿಸಿ ನೋಡಬೇಕು. ಆ ಬೋರ್ಡುಗಳು ಜಗತ್ತಿನಲ್ಲಿ ಬೇರೆ ಯಾರ ಬಳಿಯೂ ಇದ್ದಂತಿರಲಿಲ್ಲ. ಕೋಡನ್ನು ತಾವೇ ಪರೀಕ್ಷೆ ಮಾಡುವ ರೋಬೋಟು ಪ್ರೋಗ್ರಾಮುಗಳು ಬೆಳಗಾದರೆ ಪತ್ರ ಬರೆಯುತ್ತಿದ್ದವು. ಕಂಡರಿಯದ ಜನ ಕೋಡಿನ ತಿದ್ದುಪಡಿ, ಅಂದರೆ ಪ್ಯಾಚು ಕಳಿಸಿ 'ಇನ್ನೂ ಯಾಕೆ ನೋಡಿಲ್ಲ' ಎಂದು ಕೇಳುತ್ತಿದ್ದರು. ಗಂಡನಿಗೆ ಕಿಡ್ನಿ ಕಲ್ಲು ತೆಗೆದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಒಬ್ಬರಿಗೆ ಸಮಾಧಾನ ಹೇಳುತ್ತಿದ್ದಳು. ಅದು ಗಂಡನ ನೋವಿಗಲ್ಲ, ಯಾರದೋ ಪ್ಯಾಚಿನ ನೋವಿಗೆ. ಒಮ್ಮೆ ಯಾರಾದರೂ ವಹಿಸಿಕೊಳ್ಳಿ ಎಂದು ಕೇಳಿಕೊಂಡಳು. ದೂರದ ಯಾರೋ ಉತ್ಸಾಹಿ ಮುಂದೆ ಬಂದ, ಕೈಯಾಡಿಸಿದ, ಹೊಸ ನೌಕರಿ ಸಿಕ್ಕಿದ್ದೇ ಮಾಯವಾದ. ಅವನು ಕೆಡಿಸಿಟ್ಟದ್ದನ್ನೂ ಇವಳೇ ನೆಟ್ಟಗೆ ಮಾಡಬೇಕಾಯಿತು.

ಎಲ್ಲ ಬಸ್ಸುಗಳ ಕೋಡನ್ನು ಒಟ್ಟುಮಾಡಿ ಕರ್ನಲ್ಲಿನ ಮುಖ್ಯಸ್ಥರಿಗೆ ಕಳಿಸುವವನೊಬ್ಬನಿದ್ದ. ಅವನ ಮುಖ ಅವಳು ಕಂಡವಳಲ್ಲ. ಮನಸ್ಸಿನಲ್ಲಿ ದೊಡ್ಡಣ್ಣ ಎಂದು ಕರೆದುಕೊಳ್ಳುತ್ತಿದ್ದಳು. ನನ್ನ ಕೈಲಾಗುವುದಿಲ್ಲ ಎಂದು ಅವಳು ಬರೆದಾಗ ಅವನು ಒಂದು ದಾರಿ ತೋರಿಸಿದ. ಡ್ರೈವರನ್ನೇ ಕರ್ನಲ್ಲಿನಿಂದ ತೆಗೆದುಹಾಕೋಣ. ಎಲ್ಲರಿಗೂ ಒಟ್ಟಿಗೆ ಪತ್ರ ಹೋಗುವ ಮೇಲಿಂಗ್ ಲಿಸ್ಟಿನಲ್ಲಿ ಕೇಳಿ: ಇದನ್ನು ಯಾರಾದರೂ ಬಳಸುತ್ತಿದ್ದೀರಾ? ಮುಂದಿನ ಆವೃತ್ತಿಯ ತನಕ ಯಾರೂ ಉಸಿರೆತ್ತದಿದ್ದರೆ ತೆಗೆದುಬಿಡೋಣ. ಯಾರಾದರೂ ಬೇಡ ಎಂದರೆ, ಬೇಡ ಎಂದವರು ಅದನ್ನು ನೋಡಿಕೊಳ್ಳಬೇಕು. ಅದೂ ರೂಢಿಯೇ.

ಗುಬ್ಬಿ ಕೇಳಿದಳು. ವಾರಗಳು ಕಳೆದವು. ಯಾರೋ ಒಬ್ಬ "ಒಳ್ಳೆಯದಾಯಿತು, ಕಸ ಕಡಿಮೆಯಾಯಿತು" ಎಂದು ಬರೆದದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಇಷ್ಟು ವರ್ಷದಲ್ಲಿ ಅವಳಿಗೆ ಇಷ್ಟು ಹಿತವೆನಿಸಿದ ಮೌನ ಇನ್ನೊಂದಿರಲಿಲ್ಲ. ಒಂದು ಬೆಳಿಗ್ಗೆ ನೋಡುತ್ತಾಳೆ, ಗಂಡ ಟೇಪು ಹಿಡಿದು ಬೋರ್ಡಿನ ಕೋಣೆಯೊಳಗೆ ನಿಂತಿದ್ದಾನೆ. ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ. ಮೇಜಿನ ಎತ್ತರ. ಮರದಂಗಡಿಯವನಿಗೆ ಹಲಗೆಗೂ ಹೇಳಿಯಾಗಿತ್ತು.

ಆ ವಾರವೇ ಅಕ್ಕನ ಊರಿಗೆ ಹೋಗಬೇಕಾಯಿತು. ಅಕ್ಕನದು ಕೋಳಿಮರಿ ಮಾಡುವ ಹ್ಯಾಚರಿ. ಅಲ್ಲಿನ ಕೆಲಸದವರಿಗೆ ಬಿಳಿ ನಿಲುವಂಗಿಗಳನ್ನು ಹೊಲಿದಿದ್ದ ದರ್ಜಿ ಗಂಟು ಕಟ್ಟಿಕೊಂಡು ಹೊರಟ, ಗುಬ್ಬಿಯೂ ರಜೆ ಹಾಕಿ ಜೊತೆಗೆ ಹೋದಳು. ಹಗುರವಾಗಿ ಹೋದಳು ಎನ್ನಬೇಕು. ದಾರಿಯುದ್ದಕ್ಕೂ ಫೋನು ತೆಗೆದು ನೋಡಲಿಲ್ಲ.

ಹ್ಯಾಚರಿಯ ಬಾಗಿಲಲ್ಲಿ ಔಷಧಿ ನೀರಲ್ಲಿ ಕಾಲು ಅದ್ದಿ, ತನ್ನ ಗಂಡನೇ ಹೊಲಿದ ನಿಲುವಂಗಿ ತೊಟ್ಟು ಅವಳು ಒಳಗೆ ಹೋದಳು. ಒದ್ದೆ ಬಿಸುಪು. ಸಾಲಾಗಿ ನಿಂತ ಕಾವುಪೆಟ್ಟಿಗೆಗಳು, ಒಂದೊಂದೂ ಬೀರುವಿಗಿಂತ ದೊಡ್ಡದು. ಒಳಗೆ ತಟ್ಟೆ ತಟ್ಟೆ ಮೊಟ್ಟೆಗಳು ನಿಧಾನಕ್ಕೆ ವಾಲಿ, ಮತ್ತೆ ಆ ಕಡೆಗೆ ವಾಲುತ್ತಿದ್ದವು. ಮೂರು ವಾರ ಕಾವು ಒಂದೇ ಸಮ ಇರಬೇಕು. ತುಸು ಹೆಚ್ಚಾದರೂ ಕಡಿಮೆಯಾದರೂ ಮರಿ ಚಿಪ್ಪಿನೊಳಗೇ ಸಾಯುತ್ತದೆ ಎಂದು ಅಕ್ಕ ವಿವರಿಸಿದಳು. ಅದನ್ನು ಕಾಯಲು ಪ್ರತಿ ಪೆಟ್ಟಿಗೆಯ ಮೇಲೂ ಒಂದು ಬೂದುಬಣ್ಣದ ಡಬ್ಬಿ. ಅಕ್ಕನಿಗೆ ಆ ಡಬ್ಬಿಗಳ ಮೇಲೆ ಮಕ್ಕಳ ಮೇಲಿನಷ್ಟು ಹೆಮ್ಮೆ. ವರ್ಷಕ್ಕೊಮ್ಮೆ ಡಬ್ಬಿ ಕಂಪನಿಯವರು ಕೂತಲ್ಲಿಂದಲೇ ಹೊಸ ಪ್ರೋಗ್ರಾಂ ತುಂಬುತ್ತಾರೆ, ಈ ಸುತ್ತಿನ ಹ್ಯಾಚರಿಗಳಲ್ಲೆಲ್ಲ ಇದೇ ಇದೆ, ನೋಡು ಎಂದು ಖಾಲಿ ಪೆಟ್ಟಿಗೆಯೊಂದರ ಡಬ್ಬಿಯನ್ನು ಆರಿಸಿ ಮತ್ತೆ ಹಾಕಿ ತೋರಿಸಿದಳು.

ಪುಟ್ಟ ತೆರೆಯ ಮೇಲೆ ಅಕ್ಷರಗಳು ಓಡಿದವು. ಓಡುತ್ತ ಓಡುತ್ತ ಒಂದು ಸಾಲಿಗೆ ಬಂದು ನಿಂತವು. ಸೆನ್ಸರ್ ತಡ ಮಾಡುತ್ತಿದೆ, ನಾನು ಕಾಯುತ್ತಿದ್ದೇನೆ.

ಗುಬ್ಬಿ ಬಗ್ಗಿ ಆ ಸಾಲನ್ನು ಮತ್ತೆ ಓದಿದಳು. ಜಗತ್ತಿನಲ್ಲಿ 'ನಾನು' ಎನ್ನುವ ಬಸ್ ಡ್ರೈವರು ಅದೊಂದೇ.

"ಇದು ಒಂದೊಂದ್ಸಲ ಹೀಗೇ ನಿಲ್ಲುತ್ತೆ, ಆಮೇಲೆ ಸರಿಹೋಗುತ್ತೆ," ಎಂದಳು ಅಕ್ಕ. "ಪಾಪ, ತುಂಬಾ ತಾಳ್ಮೆ ಇದಕ್ಕೆ. ಯಾರು ಮಾಡಿದ್ರೋ."

ಗುಬ್ಬಿ ಬಾಯಿಬಿಟ್ಟಳು. ಈ ತಾಳ್ಮೆ ತನ್ನದೇ ಎಂದೂ, ಅದನ್ನು ತೆಗೆಸಲು ತಾನೇ ಅರ್ಜಿ ಹಾಕಿರುವುದಾಗಿಯೂ, ತೆಗೆದ ಮೇಲೆ ಬರುವ ಹೊಸ ಪ್ರೋಗ್ರಾಂ ತುಂಬಿದರೆ ಈ ಡಬ್ಬಿಗಳಿಗೆ ಸೆನ್ಸರು ಕಾಣಿಸುವುದಿಲ್ಲವೆಂದೂ ಹೇಳಿದಳು. ಕಂಪನಿಯವರು ಮೊದಲೇ ಪರೀಕ್ಷಿಸಿಯಾರು. ಪರೀಕ್ಷಿಸದೆಯೂ ಇದ್ದಾರು.

ಅಕ್ಕ ಸಿಟ್ಟಾಗಲಿಲ್ಲ. ನಿಲುವಂಗಿಗೆ ಕೈ ಒರೆಸಿಕೊಂಡು ನಿಂತಳು. "ತೆಗೀತೀನಿ ಅನ್ನೋ ಮೊದಲು ಒಂದು ಮಾತು ಕೇಳೋದಲ್ವೇನೇ?"

"ಕೇಳಿದ್ದೆ ಅಕ್ಕಾ. ಯಾರೂ ಬಳಸ್ತಾ ಇಲ್ಲ ಅಂತ ಆಯ್ತು."

"ಯಾರನ್ನ ಕೇಳಿದೆ?"

"ಲಿಸ್ಟಲ್ಲಿ."

"ಆ ಲಿಸ್ಟಲ್ಲಿ ಕೋಳಿ ಸಾಕೋರು ಇದ್ದಾರಾ?"

ಗುಬ್ಬಿ ಡಬ್ಬಿಯ ತೆರೆಯ ಕಡೆ ತಿರುಗಿದಳು. ಅಲ್ಲಿ ಇರುವವರೆಲ್ಲ ಕೋಡು ಬರೆಯುವವರು. ಇಷ್ಟು ವರ್ಷ ಆ ಕೋಣೆಯೊಳಗೆ ಕೂತು ಕೂತು, ಲಿಸ್ಟೇ ಜಗತ್ತು, ಲಿಸ್ಟು ಸುಮ್ಮನಿದ್ದರೆ ಜಗತ್ತು ಸುಮ್ಮನಿದ್ದಂತೆ ಎಂದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ತಡವಾಗಿ ಉತ್ತರಿಸುವವರು ಸತ್ತವರಲ್ಲ ಎಂದು ಡ್ರೈವರಿಗೆ ಕಲಿಸಿದವಳು ತಾನೇ ಅದನ್ನು ಮರೆತಿದ್ದಳು.

ವಾಪಸ್ ಬರುವಾಗ ಅಕ್ಕನ ಹ್ಯಾಚರಿಯ ವ್ಯಾನಿನಲ್ಲಿ ಗುಬ್ಬಿಯ ತಲೆ ಗಿರಣಿಯಂತೆ ತಿರುಗುತ್ತಿತ್ತು. ಅಕ್ಕನಿಗೆ ಹೊಸ ಡಬ್ಬಿ ಕೊಡಿಸಿ ಸುಮ್ಮನಾಗಬಹುದು. ಆದರೆ ಆ ಸುತ್ತಿನ ಉಳಿದವರು? ಆ ಸುತ್ತಿನಾಚೆಯವರು? ಇನ್ನೂ ಏನೇನರ ಹೊಟ್ಟೆಯೊಳಗೆ ಆ ಸಾಲು ಕಾಯುತ್ತ ಕೂತಿದೆಯೋ ಯಾರಿಗೆ ಗೊತ್ತು. ತನಗೇನೂ ಗೊತ್ತಾಗಲಿಲ್ಲ ಎಂದುಕೊಂಡು ಸುಮ್ಮನಿದ್ದರೆ ಕೇಳುವವರಿಲ್ಲ, ಅಕ್ಕನೂ ಕ್ಷಮಿಸಿಯಾಳು. ತೆಗೆಯುವುದು ಬೇಡ ಎಂದರೆ, ಬೇಡ ಎಂದವಳೇ ನೋಡಿಕೊಳ್ಳಬೇಕು. ಪಾರಾಗಲು ತಾನೇ ತೋಡಿದ ಸುರಂಗದ ಬಾಯಿಗೆ ತಾನೇ ಕಲ್ಲು ಇಡಬೇಕು.

ಗಂಡ ಕಿಟಕಿಯಾಚೆ ನೋಡುತ್ತ ಕೂತಿದ್ದ. ಅವಳು ಅವನ ತೋಳು ಮುಟ್ಟಿದಳು. "ರೀ, ಏನ್ಮಾಡ್ಲಿ?"

"ನನ್ನ ಕೇಳ್ಬೇಡ," ಎಂದ ಅವನು. "ಕೇಳಿದ್ರೆ ನಾನು ತೆಗೆದುಬಿಡು ಅಂತೀನಿ. ನನಗೆ ಆ ಮೇಜು ಬೇಕು. ಆಮೇಲೆ ನಿಮ್ಮಕ್ಕನ ಮುಖ ನೋಡೋಕಾಗಲ್ಲ. ಅದಕ್ಕೇ ಕೇಳ್ಬೇಡ."

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೂತು, ಬಳಸುವವರಿದ್ದಾರೆ, ನಾನೇ ಕಂಡು ಬಂದೆ, ತೆಗೆಯುವುದು ಬೇಡ ಎಂದು ಬರೆದಳು. ದೊಡ್ಡಣ್ಣನ ಉತ್ತರ ಬೇಗ ಬಂತು. ತಿಳಿಸಿದ್ದು ಒಳ್ಳೆಯದಾಯಿತು, ಹಾಗಾದರೆ ನೀವೇ ಮುಂದುವರಿಸುತ್ತೀರಿ ತಾನೆ ಎಂದು ಕೇಳಿದ್ದ. ಗುಬ್ಬಿ ಹೌದು ಎಂದಳು. ಒಂದು ಪದ ಒತ್ತಲು ಬೆರಳಿಗೆ ಅಷ್ಟು ಭಾರ ಯಾವತ್ತೂ ಆಗಿರಲಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಕಣ್ಣಿಗೆ ಚುಚ್ಚುತ್ತಿತ್ತು. ಗಂಡ ಅಡುಗೆಮನೆಯಲ್ಲಿ ಬಟ್ಟೆ ಹಾಸಿ ಮಂಡಿಯೂರುವ ಸದ್ದು ಕೇಳಿಸಿತು.

ಆ ಸದ್ದಿಗೇ ಅವಳು ಎದ್ದದ್ದು. ತನ್ನನ್ನು ಬಿಡಿಸಿಕೊಳ್ಳಲಾಗದಿದ್ದರೂ ಕೋಣೆಯನ್ನಾದರೂ ಬಿಡಿಸಬಹುದು. ಅವಳು ಅಕ್ಕನಿಗೆ ಫೋನು ಮಾಡಿದಳು. ಹ್ಯಾಚರಿಯಲ್ಲಿ ಕರೆಂಟು ಹೋದರೂ ಜನರೇಟರ್ ಇದೆ, ಹಗಲಿರುಳು ಜನ ಇದ್ದಾರೆ, ಉಗ್ರಾಣದಲ್ಲೊಂದು ಗೋಡೆ ಖಾಲಿಯಿದೆ. ಬೋರ್ಡುಗಳು ಅಲ್ಲಿರಲಿ, ನಾನು ಇಂಟರ್ನೆಟ್ಟಿನಲ್ಲಿ ಇಲ್ಲಿಂದಲೇ ಅವನ್ನು ನಡೆಸುತ್ತೇನೆ, ಏನಾದರೂ ಕೆಟ್ಟರೆ ತಂತಿ ಬಿಚ್ಚಿ ಹಾಕಲು ನೀನಿದ್ದೀಯಲ್ಲ ಎಂದಳು.

"ಉಗ್ರಾಣಕ್ಕೆ ಬಾಡಿಗೆ?" ಎಂದಳು ಅಕ್ಕ.

"ನಿನ್ನ ಮೊಟ್ಟೆಗಳೇ ಬಾಡಿಗೆ," ಎಂದಳು ಗುಬ್ಬಿ. ಅಕ್ಕ ನಕ್ಕಳು. ವ್ಯಾನನ್ನು ಅವಳೇ ಕಳಿಸಿದಳು.

ಕಪಾಟು ಹೋದ ಕೋಣೆಗೆ ಮೇಜು ಬಂತು. ದರ್ಜಿ ನೆಟ್ಟಗೆ ನಿಂತು ಬಟ್ಟೆ ಕತ್ತರಿಸತೊಡಗಿದ. ಬಾಯಲ್ಲಿ ಹಾಡು, ಕಿವಿಯ ಮೇಲೆ ಸೀಮೆಸುಣ್ಣ. ಹೆಂಡತಿಯ ಹೆಸರಿದ್ದ ಹಳೇ ಹಾಳೆಯನ್ನು ಅವನು ಎಸೆಯಲಿಲ್ಲ, ಗುಂಡುಸೂಜಿ ಚುಚ್ಚಿ ಮೇಜಿನ ಮೇಲ್ಗಡೆ ಸಿಕ್ಕಿಸಿದ. ಎಸೆದಿದ್ದರೂ ಗುಬ್ಬಿ ಬೇಡ ಎನ್ನುತ್ತಿರಲಿಲ್ಲ. ಮೇಜಿನ ಒಂದು ಮೂಲೆ ಅವಳದು. ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಸ್ಟೂಲಿನ ಮೇಲೆ ಕೂತು, ಬಟ್ಟೆಯ ತುಂಡುಗಳನ್ನು ಪಕ್ಕಕ್ಕೆ ಸರಿಸಿ, ಹಿಂದಿನಂತೆಯೇ ಪತ್ರಗಳಿಗೆ ಉತ್ತರ ಬರೆಯುತ್ತಿದ್ದಳು.

ಮೊದಲ ಹೊಸ ಆವೃತ್ತಿಯ ಕೆಲಸ ಹಾಗೂ ಹೀಗೂ ದಾಟಿತು. ಮರುದಿನ ಬೆಳಿಗ್ಗೆ ಅಕ್ಕನ ಫೋನು ಬಂತು. ಉಗ್ರಾಣದ ಒಂದು ಬೋರ್ಡು ಕಾಯುತ್ತಿದ್ದೇನೆ ಎನ್ನುತ್ತಿದೆಯಂತೆ. ಅದು ಸಹಜ, ಕಾಯಲಿ ಬಿಡು ಎಂದು ಗುಬ್ಬಿ ಹೇಳಿ, ಚೀಲ ಹೆಗಲಿಗೇರಿಸಿದಳು. ಅಕ್ಕ ಮಾತು ಮುಗಿಸಲಿಲ್ಲ.

"ಇನ್ನೊಂದು ವಿಷಯ. ಈ ಕಡೆ ಹ್ಯಾಚರಿಯವರದೆಲ್ಲ ಮೊನ್ನೆ ಮೀಟಿಂಗ್ ಇತ್ತು. ಡಬ್ಬಿ ಮಾಡಿದೋಳು ನನ್ನ ತಂಗೀನೇ ಅಂತ ಹೇಳಿ ಎಲ್ಲರಿಗೂ ನಿನ್ನ ನಂಬರ್ ಕೊಟ್ಟಿದ್ದೀನಿ. ಯಾರೂ ಬಳಸ್ತಾ ಇಲ್ಲ ಅಂತ ಇನ್ನು ನಿನಗೆ ಅನ್ನಿಸಬಾರದು ನೋಡು."

ಗುಬ್ಬಿ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಕಿವಿಯ ಹತ್ತಿರ ಫೋನು ಟುಂಯ್ ಎಂದಿತು. ಅಕ್ಕನ ಮಾತಿನ ನಡುವೆಯೇ ಇನ್ಯಾರೋ ಕರೆಯುತ್ತಿದ್ದರು. ಗೊತ್ತಿಲ್ಲದ ನಂಬರು. ಕತ್ತರಿ ನಿಲ್ಲಿಸಿ ಗಂಡ ಅವಳ ಕಡೆ ನೋಡಿದ. ಅವಳು ಚೀಲವನ್ನು ಇಳಿಸಿ, ತನ್ನ ಮೂಲೆಯ ಸ್ಟೂಲಿನ ಮೇಲೆ ಮತ್ತೆ ಕೂತಳು.