ಮಾಳಿಗೆ ಏರಿದ ಸುಣ್ಣದ ಡಬ್ಬಿ

ಪರಸಪ್ಪನ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದಿತ್ತು. ರಾಮದುರ್ಗದ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ತಂಬಾಕು ಈಗಲೇ ಬಿಟ್ಟರೆ ಮಾಯಬಹುದು, ಬಿಡದಿದ್ದರೆ ಕೈಮೀರೀತು ಎಂದರು. ಊರಿಗೆ ಮರಳುವ ಸುರೇಬಾನದ ಬಸ್ಸಿನಲ್ಲೇ ಪರಸಪ್ಪ ಹೆಂಡತಿ ಬೀರವ್ವನ ಎದುರು ಆಣೆ ಮಾಡಿದ. ಮನೆ ಮುಟ್ಟಿ ಕಟ್ಟೆಯ ಮೇಲೆ ಕೂತಾಗ ನೋಡುತ್ತಾನೆ, ಅಂಗೈಯಲ್ಲಿ ತಂಬಾಕು, ಹೆಬ್ಬೆರಳು ತಿಕ್ಕುತ್ತಿದೆ. ಯಾವಾಗ ತೆಗೆದನೋ ಅವನಿಗೇ ಗೊತ್ತಿಲ್ಲ.

ಬೀರವ್ವ ಬೈಯಲಿಲ್ಲ. ಮರುದಿನ ಅವನು ಸೊಂಟದ ಚಂಚಿ ಬಿಚ್ಚಿದರೆ ತಂಬಾಕು ಇತ್ತು, ಸುಣ್ಣದ ಡಬ್ಬಿ ಇರಲಿಲ್ಲ. ಆ ಖಾನೆಯ ತುಂಬ ಹುರಿದ ಶೇಂಗಾ.

“ಏಯ್, ಡಬ್ಬಿ ಎಲ್ಲೈತಿ?”

“ಮಾಳಿಗಿ ಮ್ಯಾಲ, ಕುಳ್ಳಿನ ರಾಶಿ ಹಿಂದ. ಹತ್ತಿ ಹೋಗಿ ತಿಕ್ಕೋರಿ. ಆದ ಮ್ಯಾಲ ಅಲ್ಲೇ ಇಟ್ಟ ಬರ್ರಿ.”

“ತಂಬಾಕ ಬಿಟ್ಟು ಸುಣ್ಣ ಯಾಕ ಬಚ್ಚಿಟ್ಟಿ?”

“ತಂಬಾಕ ಬಚ್ಚಿಟ್ರ ಅಂಗಡಿಗಿ ಓಡತೀರಿ. ಸುಣ್ಣ ಇಲ್ದ ಅದನ್ನ ಏನ್ ಮಾಡತೀರಿ? ಮತ್ತ ಬಚ್ಚಿಟ್ಟೇನೂ ಇಲ್ಲ, ಎಲ್ಲೈತಿ ಅಂತ ಹೇಳೇನಲ್ಲ.”

ಪರಸಪ್ಪ ಸಿಟ್ಟಿನಿಂದ ಏಣಿ ಹತ್ತಿದ. ಮಧ್ಯಾಹ್ನ ಮತ್ತೆ ಹತ್ತಿದ. ಸಂಜೆ ಏಣಿಯ ಬುಡದವರೆಗೆ ಹೋಗಿ, ಮೇಲೆ ನೋಡಿ, ನಾಲ್ಕು ಶೇಂಗಾ ಬಾಯಿಗೆ ಹಾಕಿಕೊಂಡು ತಿರುಗಿ ಬಂದ. ದಿನ ಹೋದಂತೆ ಆ ಏಣಿ ಎತ್ತರವಾಗುತ್ತಲೇ ಹೋಯಿತು. ಆಣೆಗೆ ಬಗ್ಗದ ಕೈ ಏಣಿಗೆ ಬಗ್ಗಿತ್ತು. ಇವಳದು ತಾಲೂಕು ಆಳುವ ತಲೆ ಎಂದುಕೊಂಡ ಪರಸಪ್ಪ. ಕನ್ನಡಿಯಲ್ಲಿ ನೋಡಿಕೊಂಡರೆ ಮಚ್ಚೆ ಹೋಗಿರಲಿಲ್ಲ, ಬೆಳೆದೂ ಇರಲಿಲ್ಲ.

ಉಳಿದದ್ದು ಗೆಳೆಯ ಮುತ್ತಪ್ಪನ ಕಟ್ಟೆ. ಹೊಲದಿಂದ ಬರುವ ದಾರಿಯಲ್ಲಿ ಅವನು ತಿಕ್ಕಿ ತಯಾರಾದ ತಂಬಾಕನ್ನೇ ಮುಂದೆ ಹಿಡಿಯುತ್ತಿದ್ದ. “ತಗೋಳೋ ದೋಸ್ತ, ಹೆಂಡ್ತಿಗೆ ಅಂಜೀಯೇನು?” ಪರಸಪ್ಪ ತೆಗೆದುಕೊಳ್ಳುತ್ತಿದ್ದ. ಬೀರವ್ವನ ಏಣಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಪರಸಪ್ಪ ಹಿತ್ತಲ ಕಡೆಯಿಂದ ಎತ್ತು ಹೊಡೆದುಕೊಂಡು ಬಂದ. ಮೊಣಕೈಗೆಲ್ಲ ಜಾಲಿ ಮುಳ್ಳು ಗೀರಿತ್ತು.

“ಹಳ್ಳದ ದಾರಿ ಹಿಡದ್ರೇನ್ರಿ? ಅಷ್ಟ ಸುತ್ತ ಹಾಕ್ಕೊಂಡು?” ಬೀರವ್ವ ಕೇಳಿದಳು.

“ಮುತ್ತಪ್ಪನ ಮುಂದ ಕುಂತು ಒಲ್ಲೆ ಅನ್ನೂದು ನನ್ನ ಕೈಲಾಗೂದಿಲ್ಲ. ಅವನ ಕಟ್ಟೀನ ತಪ್ಪಿಸಿಬಿಟ್ಟೆ. ನಿನ್ನ ನೋಡೇ ಕಲತೇನಿ ಬಿಡು.”

ಬೀರವ್ವ ಅವನ ಗೀರುಗಳಿಗೆ ಎಣ್ಣೆ ಹಚ್ಚುತ್ತ ನಕ್ಕಳು. “ಅರ್ಧಾ ಕಲತೀರಿ. ನಾಳೆ ಕೊಡ್ಲಿ ಒಯ್ದು ಆ ಜಾಲಿ ಕಡೀರಿ. ಮುಳ್ಳ ಚುಚ್ಚೂ ದಾರಿ ಎಷ್ಟ ದಿನಾ ನಡದೀರಿ? ದಾರಿ ಸಸಾರ ಆತಂದ್ರ ಕಾಲು ತಾನ ಹಳ್ಳದ ಕಡಿ ಹೊಳ್ಳತಾವ.”

ಅದು ಪರಸಪ್ಪನಿಗೆ ಹೊಳೆದೇ ಇರಲಿಲ್ಲ. ಅವನು ಎದ್ದು ಕೊಡಲಿ ಮಸೆಯಲು ಕೂತ.